ಕೊಡಗಿನಲ್ಲಿ ಕುರಿಮರಿ ಸಾಕುವುದು: ಲೆಕ್ಕ ಶುರುವಾಗುವುದು ಮಳೆಯಿಂದ

ನವೆಂಬರ್ ಒಂದನೇ ತಾರೀಖು. ಮಳೆ ಬಿಟ್ಟಿದೆ. ತಾಯಿ ಹಾಲು ಬಿಟ್ಟ, ಮೂರು ತಿಂಗಳ ಒಂದು ಟಗರು ಮರಿ ಕೊಂಡು ತಂದಿದ್ದೀರಿ ಅಂದುಕೊಳ್ಳಿ. ತೂಕ 12 ಕೆಜಿ. ಅದನ್ನು 25 ಕೆಜಿಗೆ ಬೆಳೆಸಿ ಮಾಂಸಕ್ಕೆ ಮಾರಬೇಕು. ಅಂದರೆ ಇನ್ನೂ 13 ಕೆಜಿ ಏರಬೇಕು. ಎಷ್ಟು ದಿನ ಹಿಡಿಯುತ್ತದೆ?

ಕುರಿ ಸಾಕಬೇಕು ಎಂದು ಹೊರಟವರು ಕೇಳುವುದು ಬೇರೆ ಪ್ರಶ್ನೆ. ಮೇಯಿಸುವುದು ಒಳ್ಳೆಯದಾ, ಕಟ್ಟಿ ಹಾಕಿ ಸಾಕುವುದು ಒಳ್ಳೆಯದಾ? ಬಯಲುಸೀಮೆಯಲ್ಲಿ ಅದು ಖರ್ಚಿನ ಪ್ರಶ್ನೆ. ನಮ್ಮಲ್ಲಿ ಅದು ದಿನಗಳ ಪ್ರಶ್ನೆ. ಮಡಿಕೇರಿಯಲ್ಲಿ ವರ್ಷಕ್ಕೆ 120 ಇಂಚಿನ ಆಸುಪಾಸು ಮಳೆ ಬೀಳುತ್ತದೆ. ಭಾಗಮಂಡಲದ ಕಡೆ ಅದಕ್ಕೂ ಎಷ್ಟೋ ಜಾಸ್ತಿ. ಪೂರ್ವಕ್ಕೆ ಕುಶಾಲನಗರ ತಲುಪುವ ಹೊತ್ತಿಗೆ ಅದು 40 ಇಂಚಿನ ಹತ್ತಿರಕ್ಕೆ ಇಳಿಯುತ್ತದೆ. ಒಂದೇ ಜಿಲ್ಲೆ, ಆದರೆ ಕುರಿಯ ಮಟ್ಟಿಗೆ ಎರಡು ಬೇರೆ ಊರು. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ಒಂದು ಕೋಟಿಗೂ ಜಾಸ್ತಿ ಕುರಿಗಳಿದ್ದವು. ತೆಲಂಗಾಣ, ಆಂಧ್ರದ ನಂತರ ದೇಶದಲ್ಲಿ ನಾವೇ. ಅವುಗಳಲ್ಲಿ ಹೆಚ್ಚಿನವು ಇರುವುದು ಒಣ ಜಿಲ್ಲೆಗಳಲ್ಲಿ. ಕುರಿಗೆ ಚಳಿ ತಡೆಯುತ್ತದೆ, ಬಿಸಿಲು ತಡೆಯುತ್ತದೆ. ಕಾಲಡಿಯ ಕೆಸರು ಮಾತ್ರ ತಡೆಯುವುದಿಲ್ಲ.

ಈಗ ಅದೇ 12 ಕೆಜಿ ಮರಿಯನ್ನು ಮೂರು ಮನೆಗೆ ಕಳಿಸಿ ನೋಡೋಣ.

ಮೊದಲ ಮನೆಯಲ್ಲಿ ಬರೀ ಮೇಯಿಸುತ್ತಾರೆ. ಬೆಳಿಗ್ಗೆ ಬಿಟ್ಟರೆ ಸಂಜೆ ದೊಡ್ಡಿಗೆ. ಕೈತಿಂಡಿ (ಮೆಕ್ಕೆಜೋಳ, ಹಿಂಡಿ, ಬೂಸಾದ ಮಿಶ್ರಣ) ಇಲ್ಲ. ನಮ್ಮ ನಾಡತಳಿಗಳ ಮರಿ ಹೀಗೆ ದಿನಕ್ಕೆ ಸುಮಾರು 60 ಗ್ರಾಂ ಏರುತ್ತದೆ. 13 ಕೆಜಿ ಏರಲು 217 ದಿನ ಬೇಕು. ಎರಡನೇ ಮನೆಯಲ್ಲಿ ಐದಾರು ಗಂಟೆ ಮೇಯಿಸಿ, ಸಂಜೆ ಬಂದ ಮೇಲೆ 200 ಗ್ರಾಂ ಕೈತಿಂಡಿ ಕೊಡುತ್ತಾರೆ. ದಿನಕ್ಕೆ 90 ಗ್ರಾಂ, 144 ದಿನ. ಮೂರನೇ ಮನೆಯಲ್ಲಿ ಮರಿ ನೆಲದಿಂದ ಎತ್ತರಿಸಿ ಕಟ್ಟಿದ ಮರದ ಅಟ್ಟಣಿಗೆ ಬಿಟ್ಟು ಇಳಿಯುವುದೇ ಇಲ್ಲ. ಮೇವು ಕಾಲ ಬುಡಕ್ಕೆ ಬರುತ್ತದೆ, ಜೊತೆಗೆ 350 ಗ್ರಾಂ ಕೈತಿಂಡಿ. ಚೆನ್ನಾಗಿ ನೋಡಿಕೊಂಡರೆ ದಿನಕ್ಕೆ 140 ಗ್ರಾಂ, 93 ದಿನ.

ಕ್ಯಾಲೆಂಡರ್ ಮೇಲೆ ಇಟ್ಟು ನೋಡಿ. ಕಟ್ಟಿ ಸಾಕಿದ ಮರಿ ಫೆಬ್ರವರಿ 2ಕ್ಕೆ ತಯಾರು. ಮೇಯಿಸಿ, ತಿಂಡಿಯನ್ನೂ ಕೊಟ್ಟ ಮರಿ ಮಾರ್ಚ್ 25ಕ್ಕೆ. ಬರೀ ಮೇಯ್ದ ಮರಿ ಜೂನ್ 6ಕ್ಕೆ. ಜೂನ್ 6 ಅಂದರೆ ನಮ್ಮಲ್ಲಿ ಏನು ಅಂತ ಹೇಳಬೇಕಾಗಿಲ್ಲ ಅಲ್ವಾ? ಅದೂ ಎಲ್ಲ ಸರಿಯಾಗಿ ನಡೆದರೆ. ಹೊಸದಾಗಿ ತಂದ ಮರಿ ಪ್ರಯಾಣದ ಸುಸ್ತು, ಜಾಗ ಬದಲಾದ ಗಾಬರಿಯಿಂದ ಮೊದಲ ಎರಡು ವಾರ ತೂಕ ಏರುವುದೇ ಇಲ್ಲ ಎಂದು ಇಟ್ಟುಕೊಳ್ಳಬೇಕು. ಆಗ ಮೂರನೇ ಮನೆಯದು ಫೆಬ್ರವರಿ ನಡುವಿಗೆ, ಎರಡನೆಯದು ಏಪ್ರಿಲ್ ಎರಡನೇ ವಾರಕ್ಕೆ ಮುಗಿಯುತ್ತದೆ. ಮೊದಲ ಮನೆಯ ಮರಿ ಜೂನ್ ಮೂರನೇ ವಾರದ ಮಳೆಯಲ್ಲಿ ನಿಂತಿರುತ್ತದೆ. ಫೆಬ್ರವರಿಯಿಂದ ಹುಲ್ಲು ಒಣಗಿ 60 ಗ್ರಾಂ ಕೂಡ ಸಿಗದಿದ್ದರೆ ಇನ್ನೂ ತಡ.

ಈ ಲೆಕ್ಕದಲ್ಲಿ ನನಗೆ ಬಹಳ ಹಿಡಿಸಿದ ವಿಷಯ ಇನ್ನೊಂದಿದೆ. 200 ಗ್ರಾಂ ಲೆಕ್ಕದಲ್ಲಿ 144 ದಿನಕ್ಕೆ ಎಷ್ಟು ಕೈತಿಂಡಿ ಆಯಿತು? 29 ಕೆಜಿ. 350 ಗ್ರಾಂ ಲೆಕ್ಕದಲ್ಲಿ 93 ದಿನಕ್ಕೆ? 32 ಕೆಜಿ ಚಿಲ್ಲರೆ. ಹೆಚ್ಚುಕಮ್ಮಿ ಒಂದೇ. ಕಟ್ಟಿ ಸಾಕಿದರೆ ಹಿಂಡಿ ಖರ್ಚು ತಲೆ ಮೇಲೆ ಬರುತ್ತದೆ ಎಂದು ಹೆದರುವವರು ದಿನದ ಲೆಕ್ಕ ನೋಡುತ್ತಾರೆ, ಒಟ್ಟು ಲೆಕ್ಕ ನೋಡುವುದಿಲ್ಲ. ಕಾರಣ ಸರಳ. ಮರಿ ಏನು ತಿಂದರೂ ಮೊದಲ ಪಾಲು ಹೋಗುವುದು ಅದರ ಜೀವ ನಡೆಸಲು. ಉಸಿರಾಡಲು, ಮೈ ಬೆಚ್ಚಗಿಡಲು, ಗುಡ್ಡ ಹತ್ತಿ ಇಳಿಯಲು. ಉಳಿದದ್ದು ಮಾತ್ರ ಮಾಂಸವಾಗುತ್ತದೆ. ನಿಧಾನವಾಗಿ ಬೆಳೆಯುವ ಮರಿ ಆ ಮೊದಲ ಪಾಲನ್ನು ಜಾಸ್ತಿ ದಿನ ತಿನ್ನುತ್ತಾ ಹೋಗುತ್ತದೆ.

ಹಾಗಾದರೆ ಎಲ್ಲರೂ ಕಟ್ಟಿ ಸಾಕಬೇಕಾ? ಇಲ್ಲ. ಕಟ್ಟಿ ಸಾಕಿದರೆ ಮೇವು ಕೊಯ್ದು ತರುವ ಕೈ ಬೇಕು, ಅಟ್ಟಣಿಗೆಗೆ ಬಂಡವಾಳ ಬೇಕು. ಮೇಯಿಸಿದರೆ ಹಿಂದೆ ಹೋಗುವ ಆಳು ಬೇಕು. ಕೊಡಗಿನಲ್ಲಿ ಆ ಆಳು ಸಿಗದಿರುವುದು ಸರಿಯಾಗಿ ಅದೇ ತಿಂಗಳುಗಳಲ್ಲಿ. ಅರೇಬಿಕಾ ಕೊಯ್ಲು ಮುಗಿಯುವ ಹೊತ್ತಿಗೆ ರೊಬಸ್ಟಾ ಶುರು, ನಡುವೆ ಕರಿಮೆಣಸು. ನವೆಂಬರ್‌ನಿಂದ ಮಾರ್ಚ್‌ವರೆಗೆ ಊರಿನ ಪ್ರತಿ ಕೈಯೂ ತೋಟದಲ್ಲಿರುತ್ತದೆ. ಮೇಯಿಸುವ ಜಾಗವೂ ಹಾಗೆಯೇ. ಪೈಸಾರಿ (ಸರ್ಕಾರಿ ಪಾಳು ಜಾಗ), ಗೋಮಾಳ ಎಂದು ಉಳಿದಿದ್ದ ಜಾಗ ಬಹಳ ಕಡೆ ಕಾಫಿಯಾಗಿದೆ. ಕಾಡಂಚಿನಲ್ಲಿ ಚಿರತೆ, ದಕ್ಷಿಣ ಕೊಡಗಿನಲ್ಲಿ ಹುಲಿಯ ಭಯ. ಬೀದಿನಾಯಿ ಎಲ್ಲ ಕಡೆ.

ಹಸಿ ನೆಲದಲ್ಲಿ ಮೇಯುವ ಮರಿಗೆ ಏನಾಗುತ್ತದೆ

ಮಳೆಗೂ ಕುರಿಗೂ ಯಾಕೆ ಆಗುವುದಿಲ್ಲ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನೆನೆದು ಶೀತ ಆಗುತ್ತದೆ ಎಂಬುದು ಅದರಲ್ಲಿ ಸಣ್ಣ ಭಾಗ ಅಷ್ಟೇ.

ದೊಡ್ಡ ಭಾಗ ಜಂತುಹುಳು. ಅದರಲ್ಲೂ ಹಿಮಾಂಕಸ್ ಎಂಬ ರಕ್ತ ಹೀರುವ ಹುಳು. ಇದು ಮರಿಯ ಜಠರದಲ್ಲಿ ಕಚ್ಚಿಕೊಂಡಿರುತ್ತದೆ. ಒಂದು ಹೆಣ್ಣು ಹುಳು ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಮೊಟ್ಟೆ ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತದೆ. ನೆಲ ಒಣಗಿದ್ದು ಬಿಸಿಲು ಚುರುಕಾಗಿದ್ದರೆ ಬಹುಪಾಲು ಸಾಯುತ್ತವೆ. ಬೆಚ್ಚಗೆ, ತೇವವಾಗಿದ್ದರೆ ಒಂದು ವಾರದಲ್ಲಿ ಮರಿಹುಳು ತಯಾರು. ಅದು ಹುಲ್ಲಿನ ಎಸಳಿನ ಮೇಲಿರುವ ನೀರಿನ ಪದರ ಹಿಡಿದು ಮೇಲೆ ಹತ್ತುತ್ತದೆ. ಅಲ್ಲಿಂದ ಮರಿಯ ಬಾಯಿಗೆ. ಒಂದು ಹುಳು ದಿನಕ್ಕೆ ಹೀರುವುದು 0.05 ಮಿಲಿ ರಕ್ತ. ಏನೂ ಅಲ್ಲ ಅನ್ನಿಸುತ್ತದೆ. 500 ಹುಳು ಇದ್ದರೆ ದಿನಕ್ಕೆ 25 ಮಿಲಿ. 12 ಕೆಜಿ ಮರಿಯ ಮೈಯಲ್ಲಿರುವ ಒಟ್ಟು ರಕ್ತವೇ ಒಂದು ಲೀಟರಿನಷ್ಟು.

ಇದನ್ನು ನೋಡಲು ಯಾವ ಯಂತ್ರವೂ ಬೇಡ. ಮರಿಯನ್ನು ಮೊಣಕಾಲ ನಡುವೆ ಹಿಡಿದುಕೊಳ್ಳಿ. ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆಯಿರಿ. ಒಳಗಿನ ಬಣ್ಣ ಬಿಸಿಲಿನಲ್ಲಿ ನೋಡಿ, ಕೊಟ್ಟಿಗೆಯ ಕತ್ತಲಲ್ಲಿ ಅಲ್ಲ. ಕೆಂಪಗೆ, ದಾಳಿಂಬೆ ಕಾಳಿನ ಹಾಗಿದ್ದರೆ ಚಿಂತೆಯಿಲ್ಲ. ಎಳೆ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಔಷಧಿ ಕೊಡಬೇಕು. ಬಿಳಿ ಬಟ್ಟೆಯ ಹಾಗಿದ್ದರೆ ಅವತ್ತೇ ಪಶುವೈದ್ಯರನ್ನು ಕರೆಯಬೇಕು. ಗದ್ದದ ಕೆಳಗೆ ನೀರು ತುಂಬಿದ ಚೀಲದ ಹಾಗೆ ಊದಿಕೊಂಡಿದ್ದರೆ ಹುಳುಬಾಧೆ ಬಹಳ ಮುಂದೆ ಹೋಗಿದೆ ಎಂದೇ ಅರ್ಥ. ಎಲ್ಲ ಮರಿಗಳಿಗೂ ತಿಂಗಳು ತಿಂಗಳು ಸುಮ್ನೆ ಜಂತಿನ ಔಷಧಿ ಕುಡಿಸುವ ರೂಢಿ ಒಳ್ಳೆಯದಲ್ಲ. ಹುಳು ಆ ಔಷಧಿಗೆ ಒಗ್ಗಿಕೊಳ್ಳುತ್ತದೆ. ಆಮೇಲೆ ನಿಜವಾಗಿ ಬೇಕಾದಾಗ ಅದು ಕೆಲಸ ಮಾಡುವುದಿಲ್ಲ.

ಮರಿಹುಳು ಹುಲ್ಲಿನ ಬುಡದ ಮೂರು ನಾಲ್ಕು ಇಂಚಿನಲ್ಲೇ ಜಾಸ್ತಿ ಇರುತ್ತದೆ. ಅದಕ್ಕೇ ಇಬ್ಬನಿ ಆರುವ ಮುಂಚೆ ಬಿಡಬೇಡಿ, ಬೋಳು ಮಾಡಿದ ಜಾಗದಲ್ಲಿ ಮತ್ತೆ ಮತ್ತೆ ಮೇಯಿಸಬೇಡಿ ಎನ್ನುವುದು. ಮರದ ಸೊಪ್ಪಿಗೆ ಈ ಕಾಟವೇ ಇಲ್ಲ. ಹಲಸಿನ ಸೊಪ್ಪಿನ ಕೊಂಬೆಯನ್ನು ಮರಿಯ ತಲೆಯ ಎತ್ತರಕ್ಕೆ ನೇತುಹಾಕಿದರೆ ಹೊಟ್ಟೆ ತುಂಬುತ್ತದೆ, ಹುಳು ಹೋಗುವುದಿಲ್ಲ.

ಇನ್ನೊಂದು ಹುಳು ಗದ್ದೆಯದು. ಪಿತ್ತಜನಕಾಂಗಕ್ಕೆ ಸೇರುವ ಚಪ್ಪಟೆ ಹುಳು, ಲಿವರ್ ಫ್ಲೂಕ್. ಇದು ನೀರಿನ ಬಸವನಹುಳದ ಮೈಯಲ್ಲಿ ಬೆಳೆದು, ಹೊರಗೆ ಬಂದು, ನೀರಂಚಿನ ಹುಲ್ಲಿಗೆ ಅಂಟಿ ಕೂರುತ್ತದೆ. ಭತ್ತ ಕೊಯ್ದ ಮೇಲೆ ಕೂಳೆಯ ನಡುವೆ ಹಸಿರು ಹುಲ್ಲು ಎದ್ದು ನಿಂತಿರುತ್ತದೆ. ನೋಡಿದರೆ ಮರಿ ಬಿಡೋಣ ಅನ್ನಿಸುತ್ತದೆ. ನೀರು ಜಿನುಗುವ ಮೂಲೆಗಳಿಗೆ ಮಾತ್ರ ಖಂಡಿತ ಬಿಡಬೇಡಿ. ಚೆನ್ನಾಗಿ ಒಣಗಿಸಿದ ಬೈಹುಲ್ಲಿನಲ್ಲಿ ಈ ಅಪಾಯ ಬಹಳ ಕಮ್ಮಿ.

ಕೆಸರಿನಲ್ಲಿ ಗೊರಸಿನ ಸಂದು ಮೆತ್ತಗಾಗಿ ಕೊಳೆಯುತ್ತದೆ. ಮರಿ ಕುಂಟುತ್ತದೆ, ಮುಂಗಾಲು ಮಡಿಸಿ ಮಂಡಿಯೂರಿ ಮೇಯುತ್ತದೆ. ಮಳೆ ಹಿಂದೆಯೇ ಸಣ್ಣ ನೊಣಗಳು ಏಳುತ್ತವೆ. ನೀಲಿ ನಾಲಿಗೆ ರೋಗ ಹರಡುವುದು ಅವುಗಳಿಂದ. ಇದೆಲ್ಲ ಬಂದ ಮೇಲೆ 60 ಗ್ರಾಂ ಏರಿಕೆಯ ಮಾತು ಎಲ್ಲಿ?

ಮೈಲುತುತ್ತದ ವಿಷಯ

ಕೊಡಗಿನವರು ಬೇರೆಲ್ಲಕ್ಕಿಂತ ಮೊದಲು ತಿಳಿಯಬೇಕಾದ ವಿಷಯ ಇದು. ಬಯಲುಸೀಮೆಯ ಕುರಿಗಾಹಿಗಳಿಗೆ ಇದರ ಗೊಡವೆಯೇ ಇಲ್ಲ.

ಕಾಫಿ, ಮೆಣಸು, ಅಡಿಕೆಗೆ ನಾವು ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಮೈಲುತುತ್ತ ಮತ್ತು ಸುಣ್ಣ. ಶೇ. 1ರ ದ್ರಾವಣ ಅಂದರೆ 100 ಲೀಟರ್ ನೀರಿಗೆ ಎರಡೂ ಒಂದೊಂದು ಕೆಜಿ. ಮೈಲುತುತ್ತದಲ್ಲಿ ಇರುವುದು ತಾಮ್ರ. ದನ, ಹಂದಿ, ಆಡು ಹೆಚ್ಚಿನ ತಾಮ್ರವನ್ನು ಮೈಯಿಂದ ಹೊರಹಾಕುತ್ತವೆ, ಇಲ್ಲವೇ ತಡೆದುಕೊಳ್ಳುತ್ತವೆ. ಕುರಿಗೆ ಅದು ಆಗುವುದಿಲ್ಲ. ದಿನಾ ತಿಂದ ಸ್ವಲ್ಪ ಸ್ವಲ್ಪ ತಾಮ್ರ ಪಿತ್ತಜನಕಾಂಗದಲ್ಲಿ ಕೂಡುತ್ತಾ ಹೋಗುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ. ಹೊರಗೆ ಏನೂ ಕಾಣುವುದಿಲ್ಲ. ಮರಿ ತಿನ್ನುತ್ತದೆ, ಓಡುತ್ತದೆ. ಒಂದು ದಿನ ಸಾಗಾಟವೋ, ಚಳಿಯೋ, ನಾಯಿ ಅಟ್ಟಿದ್ದೋ, ಏನೋ ಒಂದು ನೆಪಕ್ಕೆ ಕೂಡಿದ್ದೆಲ್ಲ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. ಕೆಂಪು ರಕ್ತಕಣ ಒಡೆಯುತ್ತವೆ. ಒಂದೆರಡು ದಿನದಲ್ಲಿ ಮರಿ ಹೋಗುತ್ತದೆ.

ನನ್ನ ಮನೆಯಲ್ಲೇ ಆಗಿದೆ. ಮಳೆ ಮುಗಿದ ಮೇಲೆ ಮೆಣಸಿಗೆ ಬೋರ್ಡೋ ಹೊಡೆಸಿದ್ದೆ. ಅದರ ಕೆಳಗೆ ಹುಲ್ಲು ಸೊಂಪಾಗಿತ್ತು. ಕಳೆ ತೆಗೆಸುವ ಖರ್ಚು ಉಳಿಯಿತು ಎಂದು ಮರಿಗಳನ್ನು ಅಲ್ಲೇ ಬಿಟ್ಟೆ. ಜನವರಿಯ ಒಂದು ಬೆಳಿಗ್ಗೆ ಎಲ್ಲಕ್ಕಿಂತ ಚೆನ್ನಾಗಿದ್ದ ಮರಿ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿತ್ತು. ಕಣ್ಣಿನ ಬಿಳಿಭಾಗ ಅರಿಶಿನ ಬಣ್ಣಕ್ಕೆ ತಿರುಗಿತ್ತು. ನಾನು ನೋಡುತ್ತಿದ್ದಂತೆಯೇ ಮೂತ್ರ ಮಾಡಿತು. ಬೆಲ್ಲದ ಕಾಫಿಯ ಬಣ್ಣ. ಡಾಕ್ಟರು ಬಂದು ರೆಪ್ಪೆ ಎಳೆದು ನೋಡಿದರು. "ತೋಟಕ್ಕೆ ಮೈಲುತುತ್ತ ಹೊಡೆಸಿದ್ದೀರಾ?" ಎಂದು ಕೇಳಿದರು. ಹೌದು ಎಂದೆ. "ಉಳಿದವನ್ನು ಈಗಲೇ ಅಲ್ಲಿಂದ ತೆಗೆಯಿರಿ. ಓಡಿಸಬೇಡಿ, ನಿಧಾನಕ್ಕೆ ಕರ್ಕೊಂಡು ಬನ್ನಿ" ಎಂದರು. ಆ ಮರಿ ಸಂಜೆಯೊಳಗೆ ಸತ್ತಿತು. ಎರಡು ದಿನ ಬಿಟ್ಟು ಇನ್ನೊಂದು. ಓಡಿಸಬೇಡಿ ಎಂದಿದ್ದು ಯಾಕೆ ಎಂದು ಆಮೇಲೆ ಅರ್ಥವಾಯಿತು.

ಹಾಗಾಗಿ ಬೋರ್ಡೋ ಹೊಡೆದ ತೋಟದ ಕೆಳಗೆ ಕುರಿ ಬೇಡ. ಎಷ್ಟು ದಿನದ ನಂತರ ಬಿಡಬಹುದು ಎಂದು ಕೇಳಬೇಡಿ. ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ವರ್ಷ ವರ್ಷ ಹೊಡೆದ ತೋಟದ ಮಣ್ಣಲ್ಲೇ ಅದು ಕೂತಿರುತ್ತದೆ. ಹಂದಿ ಸಾಕಿರುವವರು ಹಂದಿಯ ತಿಂಡಿಯಲ್ಲಿ ಉಳಿದಿದ್ದನ್ನು ಮರಿಗೆ ಹಾಕಬಾರದು, ಅದರಲ್ಲಿ ತಾಮ್ರ ಜಾಸ್ತಿ ಇರುತ್ತದೆ. ದನದ ಖನಿಜ ಮಿಶ್ರಣವೂ ಬೇಡ. ಕುರಿಗೆಂದೇ ಮಾಡಿದ, ತಾಮ್ರ ಸೇರಿಸದ ಮಿಶ್ರಣ ಕೇಳಿ ತನ್ನಿ. ಬೇಲಿ ಬದಿಯ ಲಂಟಾನ ಕೂಡ ಪಿತ್ತಜನಕಾಂಗಕ್ಕೆ ವಿಷ. ಹಸಿದ ಮರಿ ಅದಕ್ಕೂ ಬಾಯಿ ಹಾಕುತ್ತದೆ.

ಅಟ್ಟಣಿಗೆ ಮತ್ತು ಗೋದಲಿ

ಕಟ್ಟಿ ಸಾಕುವ ಪದ್ಧತಿಯ ಜೀವ ಇರುವುದು ನೆಲದಲ್ಲಿ. ನೆಲದಿಂದ ನಾಲ್ಕೈದು ಅಡಿ ಮೇಲೆ ಮರದ ಪಟ್ಟಿಯ ಅಟ್ಟಣಿಗೆ. ಅಷ್ಟು ಎತ್ತರ ಬೇಕಾಗಿರುವುದು ಮರಿಗಲ್ಲ, ಕೆಳಗೆ ಬಗ್ಗಿ ಗೊಬ್ಬರ ಎಳೆಯುವವರಿಗೆ. ಪಟ್ಟಿಗಳ ನಡುವಿನ ಸಂದು ಅರ್ಧ ಇಂಚು. ಹಿಕ್ಕೆ ಬೀಳಬೇಕು, ಮರಿಯ ಗೊರಸು ಸಿಕ್ಕಿಕೊಳ್ಳಬಾರದು. ಅಡಿಕೆ ದಬ್ಬೆ, ಬಿದಿರು ಅಗ್ಗಕ್ಕೆ ಸಿಗುತ್ತದೆ, ಆದರೆ ನಮ್ಮ ತೇವಕ್ಕೆ ಬೇಗ ಹೋಗುತ್ತದೆ. ಒಂದು ಮರಿಗೆ ನಾಲ್ಕೈದು ಚದರಡಿ ಜಾಗ ಸಾಕು. ಮಳೆ ಹೊಡೆಯುವ ನೈಋತ್ಯ ದಿಕ್ಕು ಮುಚ್ಚಿರಲಿ, ಎದುರು ದಿಕ್ಕು ತೆರೆದಿರಲಿ. ಚಳಿ ಎಂದು ನಾಲ್ಕೂ ಕಡೆ ಟಾರ್ಪಾಲು ಬಿಗಿದರೆ ಮೂತ್ರದ ಘಾಟು ಒಳಗೇ ನಿಂತು ಮರಿಗಳಿಗೆ ಶ್ವಾಸಕೋಶದ ಬೇನೆ ಬರುತ್ತದೆ. ಒಳಗೆ ಹೋಗಿ ಮರಿಯ ಮೂಗಿನ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ಉಸಿರೆಳೆಯಿರಿ. ನಿಮ್ಮ ಕಣ್ಣು ಉರಿದರೆ ಗಾಳಿ ಸಾಲದು.

ಕೈತಿಂಡಿಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. 100 ಕೆಜಿಗೆ ನಾನು ಹಾಕುವುದು ಹೀಗೆ: ಮೆಕ್ಕೆಜೋಳದ ನುಚ್ಚು 50, ಕಡಲೆಕಾಯಿ ಹಿಂಡಿ 20, ಗೋಧಿ ಬೂಸಾ 26, ಕುರಿಯ ಖನಿಜ ಮಿಶ್ರಣ 2, ಸುಣ್ಣಕಲ್ಲಿನ ಪುಡಿ 1, ಉಪ್ಪು 1. ಇದರಲ್ಲಿ ಶೇ. 16ರ ಸುತ್ತ ಪ್ರೋಟೀನ್ ಸಿಗುತ್ತದೆ. ಸುಣ್ಣಕಲ್ಲಿನ ಪುಡಿ ಬಿಡಬೇಡಿ. ಜೋಳ, ಬೂಸಾದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ. ಹಾಗೇ ತಿನ್ನಿಸಿದರೆ ಟಗರು ಮರಿಗಳ ಮೂತ್ರನಾಳದಲ್ಲಿ ಕಲ್ಲು ಕಟ್ಟುತ್ತದೆ. ಹಿಂಡಿ ಕೊಳ್ಳುವಾಗ ಮುರಿದು ಮೂಸಿ ನೋಡಿ. ನಮ್ಮ ಹವೆಗೆ ಹಿಂಡಿ, ಜೋಳ ಎರಡಕ್ಕೂ ಬೂಷ್ಟು ಹಿಡಿಯುತ್ತದೆ, ಆ ಬೂಷ್ಟಿನಲ್ಲಿ ವಿಷ ಇರುತ್ತದೆ.

ಜೊತೆಗೆ ಎರಡು ಕೆಜಿಯಷ್ಟು ಹಸಿರು, ಒಂದು ಹಿಡಿ ಒಣಹುಲ್ಲು. ತೋಟ ಇರುವವರಿಗೆ ಹಸಿರಿನ ಕೊರತೆಯಿಲ್ಲ. ಮರಗಸಿ ಮಾಡುವಾಗ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವಾಗ, ಹಾಲುವಾಣದ ಸೊಪ್ಪು ರಾಶಿ ಬೀಳುತ್ತದೆ. ಹಲಸು ಇದೆ, ಗ್ಲಿರಿಸಿಡಿಯಾ ಇದೆ. ಸೊಪ್ಪು ಬೋರ್ಡೋ ಬಿದ್ದ ಮರದ್ದಲ್ಲ ಎಂಬುದನ್ನು ಮಾತ್ರ ನೋಡಿಕೊಳ್ಳಿ. ಮಳೆಗಾಲದ ನೇಪಿಯರ್ ಹುಲ್ಲಿನಲ್ಲಿ ಬಹುಪಾಲು ನೀರೇ. ಕೊಯ್ದು ಅರ್ಧ ದಿನ ಬಾಡಿಸಿ ಹಾಕದಿದ್ದರೆ ಹೊಟ್ಟೆ ತುಂಬುತ್ತದೆ, ಮೈ ಹಿಡಿಯುವುದಿಲ್ಲ.

ಕಟ್ಟಿ ಸಾಕುವವರು ಮರಿ ಕಳೆದುಕೊಳ್ಳುವುದು ಹೆಚ್ಚಾಗಿ ಆತುರದಿಂದ. ಮೇಯ್ದು ಬಂದ ಮರಿಗೆ ಮೊದಲ ದಿನವೇ 350 ಗ್ರಾಂ ಹಾಕುತ್ತಾರೆ. ಹೊಟ್ಟೆಯ ಸೂಕ್ಷ್ಮಜೀವಿಗಳು ಹುಲ್ಲಿಗೆ ಒಗ್ಗಿರುತ್ತವೆ, ಕಾಳಿಗಲ್ಲ. ಕಾಳು ಹುಳಿಯಾಗಿ ಹೊಟ್ಟೆಯುಬ್ಬರ, ಭೇದಿ. ಇನ್ನೂ ಕೆಟ್ಟದ್ದು ಕರುಳುಬೇನೆ, ಇಟಿ ಎನ್ನುತ್ತಾರೆ. ಅದರ ರೋಗಾಣು ಮರಿಯ ಕರುಳಲ್ಲಿ ಮೊದಲೇ ಇರುತ್ತದೆ. ಅರಗದ ಹಿಟ್ಟಿನಂಶ ಒಮ್ಮೆಲೇ ಸಿಕ್ಕಿದರೆ ವಿಪರೀತ ಹೆಚ್ಚಿ ನಂಜು ಬಿಡುತ್ತದೆ. ಜಾಸ್ತಿ ತಿನ್ನುವ, ಚೆನ್ನಾಗಿ ಬೆಳೆದ ಮರಿಯೇ ಮೊದಲು ಸಾಯುತ್ತದೆ, ರಾತ್ರಿ ಬೆಳಗಾಗುವುದರೊಳಗೆ. 50 ಗ್ರಾಂನಿಂದ ಶುರು ಮಾಡಿ ಎರಡು ವಾರದಲ್ಲಿ ಪೂರ್ತಿ ಅಳತೆಗೆ ಬನ್ನಿ. ಮರಿ ತಂದ ಮೊದಲ ಎರಡು ಮೂರು ವಾರ ಬೇರೆಯೇ ಇಡಿ. ಇಟಿ ಲಸಿಕೆ ಎರಡು ಸಲ, ಪಿಪಿಆರ್ (ಕುರಿ, ಆಡುಗಳ ಪ್ಲೇಗ್) ಲಸಿಕೆ ಒಂದು ಸಲ. ಎಲ್ಲ ಮರಿಗಳೂ ಒಟ್ಟಿಗೆ ಬಾಯಿ ಹಾಕುವಷ್ಟು ಉದ್ದದ ಗೋದಲಿ ಇರಲಿ. ಇಲ್ಲದಿದ್ದರೆ ಬಲವಾದ ನಾಲ್ಕು ಮರಿ ಎಲ್ಲರ ಪಾಲನ್ನೂ ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತವೆ.

ಯಾವ ತಳಿ ಎಂಬುದನ್ನು ಮಳೆ ನೋಡಿಯೇ ತೀರ್ಮಾನಿಸಬೇಕು. ಬನ್ನೂರು ಕುರಿಯ ಮಾಂಸಕ್ಕೆ ಇರುವ ಹೆಸರು ಎಲ್ಲರಿಗೂ ಗೊತ್ತು. ಗಿಡ್ಡ, ತುಂಬಿದ ತೊಡೆ. ಆದರೆ ಚಿಕ್ಕ ಮೈ, 25 ಕೆಜಿಯ ಗುರಿ ಅದಕ್ಕೆ ದೂರ. ರಾಯಚೂರು, ಕೊಪ್ಪಳ ಕಡೆಯ ಕೆಂಗುರಿ ಎತ್ತರದ ಕುರಿ. ಉಣ್ಣೆ ಇಲ್ಲದ ಮೈ ನಮ್ಮ ತೇವಕ್ಕೆ ವಾಸಿ. ಮಹಾರಾಷ್ಟ್ರದ ಫಲ್ಟಣದಲ್ಲಿ ರೂಪಿಸಿದ ನಾರಿ ಸುವರ್ಣ ಅವಳಿ ಮರಿಗಳಿಗೆ ಹೆಸರು ಮಾಡಿದೆ. ಆ ಗುಣ ಬಂದಿದ್ದು ಬಂಗಾಳದ ಸುಂದರಬನದ ಗರೋಲ್ ಕುರಿಯಿಂದ. ಆದರೆ ಅವಳಿ ಬೇಕಾಗಿರುವುದು ತಾಯಿ ಕುರಿ ಸಾಕುವವರಿಗೆ. ಪಶ್ಚಿಮದ ತಾಲ್ಲೂಕುಗಳಲ್ಲಿ ತಾಯಿ ಕುರಿ ಇಟ್ಟುಕೊಂಡು ಜೂನ್‌ನಿಂದ ಸೆಪ್ಟೆಂಬರ್ ದಾಟಿಸುವ ಸಾಹಸ ಬೇಡ ಎಂಬುದು ನನ್ನ ಮಾತು. ಅಲ್ಲಿ ನವೆಂಬರ್‌ನಲ್ಲಿ ಮರಿ ತಂದು, ಕಟ್ಟಿ ಸಾಕಿ, ಮಳೆಗೆ ಮುಂಚೆ ಅಟ್ಟಣಿಗೆ ಖಾಲಿ ಮಾಡುವುದೇ ಸರಿ. ಕುಶಾಲನಗರ, ಶನಿವಾರಸಂತೆ ಕಡೆ ಐದು ಗಂಟೆ ಮೇಯಿಸಿ ಸಂಜೆ ತಿಂಡಿ ಕೊಡುವ ಪದ್ಧತಿ ಹೊಂದುತ್ತದೆ. ಮೆಕ್ಕೆಜೋಳ ಬೆಳೆಯುವ ಜಾಗ, ದಂಟೂ ಸಿಗುತ್ತದೆ. ಅಲ್ಲೂ ಜುಲೈ, ಆಗಸ್ಟ್‌ನಲ್ಲಿ ಅಟ್ಟಣಿಗೆಯೇ ಗತಿ.

ಬಕ್ರೀದ್ ನೋಡಿಕೊಂಡು ಸಾಕುವವರಿದ್ದಾರೆ. ಹಬ್ಬ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಅದು ಮಳೆಗಾಲದಿಂದ ಬೇಸಿಗೆಯ ಒಳಕ್ಕೆ ಜರುಗಿದಷ್ಟೂ ನಮ್ಮ ಲೆಕ್ಕಕ್ಕೆ ಅನುಕೂಲ. ಗೊಬ್ಬರದ ಆದಾಯವನ್ನು ಮರೆಯಬೇಡಿ. ಕುರಿ ಗೊಬ್ಬರವನ್ನು ಬಯಲುಸೀಮೆಯಿಂದ ಲಾರಿಯಲ್ಲಿ ತರಿಸಿ ಕಾಫಿ, ಮೆಣಸು, ಶುಂಠಿಗೆ ಹಾಕುವವರು ನಾವು. ಅಟ್ಟಣಿಗೆಯ ಕೆಳಗಿನದು ಮಣ್ಣು ಸೇರದ ಗೊಬ್ಬರ, ಮನೆ ಬಾಗಿಲಲ್ಲೇ.

ಇಷ್ಟಕ್ಕೆಲ್ಲ ಒಂದು ನೇತುಹಾಕುವ ತಕ್ಕಡಿ ಬೇಕೇ ಬೇಕು. ಗೋಣಿಚೀಲಕ್ಕೆ ನಾಲ್ಕು ತೂತು ಮಾಡಿ ಮರಿಯ ಕಾಲು ಇಳಿಬಿಟ್ಟು ತೂಗಿ ನೋಡಿ. 15 ದಿನಕ್ಕೊಮ್ಮೆ, ಬೆಳಿಗ್ಗೆ, ಮೇವು ಹಾಕುವ ಮುಂಚೆ. ಕಟ್ಟಿ ಸಾಕಿದ ಮರಿ 15 ದಿನಕ್ಕೆ ಎರಡು ಕೆಜಿ ಏರಿರಬೇಕು. ಮೇಯಿಸಿ ತಿಂಡಿ ಕೊಟ್ಟದ್ದು 1.3 ಕೆಜಿ. ಬರೀ ಮೇಯ್ದದ್ದು 900 ಗ್ರಾಂ. ಅಟ್ಟಣಿಗೆಯ ಮೇಲಿದ್ದೂ ಒಂದು ಕೆಜಿ ಏರದ ಮರಿಯ ಕಣ್ಣುರೆಪ್ಪೆ ನೋಡಿ, ಹಿಕ್ಕೆ ನೋಡಿ, ಗೋದಲಿಯಲ್ಲಿ ಅದಕ್ಕೆ ಜಾಗ ಸಿಗುತ್ತಿದೆಯಾ ಎಂದು ಹತ್ತು ನಿಮಿಷ ನಿಂತು ನೋಡಿ. ಎಲ್ಲ ಸರಿಯಿದ್ದೂ ಮುಂದಿನ ತೂಕಕ್ಕೂ ಏರದಿದ್ದರೆ 18 ಕೆಜಿಯೋ 20 ಕೆಜಿಯೋ, ಇದ್ದಷ್ಟಕ್ಕೇ ಮಾರಿಬಿಡಿ. ಅದಕ್ಕೆ ಹಾಕುವ ಹಿಂಡಿ ಪಕ್ಕದ ಮರಿಗೆ ಹೋಗಲಿ.